ಅಗ್ಗದ ಎಸ್‌ಡಿಆರ್ ಡಾಂಗಲ್‌ನಿಂದ ಬಳ್ಳಾರಿಯಲ್ಲಿ ಟ್ರಂಕ್ಡ್ ರೇಡಿಯೊ ಕೇಳಬಹುದೇ? ಒಂದು ಸಾಕೋ, ಎರಡು ಬೇಕೋ?

ಎಸ್‌ಡಿಆರ್ ಡಾಂಗಲ್ ಅಂದರೆ ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೊ ರಿಸೀವರ್; ಟ್ರಂಕ್ಡ್ ರೇಡಿಯೊ ಅಂದರೆ ಹಲವು ಗುಂಪುಗಳು ಕೆಲವು ಚಾನೆಲ್‌ಗಳನ್ನು ಹಂಚಿಕೊಂಡು ಬಳಸುವ ವಾಕಿಟಾಕಿ ವ್ಯವಸ್ಥೆ. ಮೊದಲು "ಕೇಳಬಹುದೇ" ಅನ್ನೋದಕ್ಕೆ ಉತ್ತರ: ಪೊಲೀಸರದ್ದಾಗಲಿ, ತೋರಣಗಲ್ಲಿನ ಕಾರ್ಖಾನೆಗಳದ್ದಾಗಲಿ, ಬೇರೆಯವರ ಮಾತು ಕದ್ದು ಕೇಳುವ ಆಲೋಚನೆ ಬಿಡಿ. 2023ರ ದೂರಸಂಪರ್ಕ ಕಾಯ್ದೆಯ 42ನೇ ಕಲಂ ಪ್ರಕಾರ ಅದಕ್ಕೆ 3 ವರ್ಷದವರೆಗೆ ಜೈಲು, 2 ಕೋಟಿಯವರೆಗೆ ದಂಡ, ಇಲ್ಲವೇ ಎರಡೂ. ಎನ್‌ಕ್ರಿಪ್ಟ್ ಆಗಿದ್ದರಂತೂ ಎಷ್ಟು ಡಾಂಗಲ್ ಹಚ್ಚಿದರೂ ಗೊರಗೊರ ಸದ್ದೇ.

ಟ್ರಂಕಿಂಗ್ ಕಲಿಯುವುದಕ್ಕೆ ಅಡ್ಡಿಯಿಲ್ಲ. ಅಮೆರಿಕದ ಪಿ25 ಎಂಬ ಡಿಜಿಟಲ್ ರೇಡಿಯೊ ವ್ಯವಸ್ಥೆಗಳ ಬೇಸ್‌ಬ್ಯಾಂಡ್ (ಡಿಕೋಡ್ ಆಗದ ಕಚ್ಚಾ ಸಿಗ್ನಲ್) ರೆಕಾರ್ಡಿಂಗ್ ಸಿಕ್ಕರೆ ಎಸ್‌ಡಿಆರ್‌ಟ್ರಂಕ್ ಎಂಬ ಸಾಫ್ಟ್‌ವೇರ್‌ಗೆ ಕೊಡಿ. ಡಾಂಗಲ್‌ನಿಂದ ಬಂದಂತೆಯೇ ಡಿಕೋಡ್ ಮಾಡುತ್ತದೆ. ಟ್ರಂಕಿಂಗ್‌ನಲ್ಲಿ ಯಾವ ಗುಂಪಿಗೂ ಸ್ವಂತ ಫ್ರೀಕ್ವೆನ್ಸಿ ಇಲ್ಲ. ಕಂಟ್ರೋಲ್ ಚಾನೆಲ್ ಬಿಡುವಿಲ್ಲದೆ ಡೇಟಾ ಕಳಿಸುತ್ತಿರುತ್ತದೆ. ಯಾರೋ ಬಟನ್ ಒತ್ತಿದ ಕೂಡಲೇ ಅವರ ಟಾಕ್‌ಗ್ರೂಪ್‌ಗೆ ಖಾಲಿಯಿರುವ ಚಾನೆಲ್ ಹಂಚುತ್ತದೆ. ಕಂಟ್ರೋಲ್ ಚಾನೆಲನ್ನೂ ಮಾತಿನ ಚಾನೆಲನ್ನೂ ಒಟ್ಟಿಗೆ ಹಿಡಿಯಬೇಕು. ಅಗ್ಗದ ಡಾಂಗಲ್‌ಗಳಲ್ಲಿರುವ ಆರ್‌ಟಿಎಲ್2832ಯು ಚಿಪ್ ಒಮ್ಮೆಗೆ ಸರಿಯಾಗಿ ಹಿಡಿಯುವ ಅಗಲ 2.4 ಮೆಗಾಹರ್ಟ್ಸ್, 3.2ಕ್ಕೆ ಏರಿಸಿದರೆ ಸ್ಯಾಂಪಲ್‌ಗಳು ಕಳೆದುಹೋಗುತ್ತವೆ. ಕಂಟ್ರೋಲ್ 851ರಲ್ಲಿ, ಮಾತು 857ರಲ್ಲಿ ಇದ್ದರೆ ಎರಡು ಬೇಕೇ ಬೇಕು. ಎಲ್ಲವೂ 2 ಮೆಗಾಹರ್ಟ್ಸ್ ಒಳಗಿದ್ದರೆ ಒಂದೇ ಸಾಕು.

ಎರಡು ಹಾಕಿದಾಗ ಹೊಸಬರು ಎಡವುವುದು ಸೀರಿಯಲ್ ನಂಬರ್‌ನಲ್ಲಿ. ಹಲವು ಡಾಂಗಲ್‌ಗಳಿಗೆ ಕಾರ್ಖಾನೆಯಲ್ಲೇ 00000001 ಅಂತ ಬರೆದಿರುತ್ತಾರೆ, ಸಾಫ್ಟ್‌ವೇರ್‌ಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಒಂದನ್ನಷ್ಟೇ ಚುಚ್ಚಿ, ಆರ್‌ಟಿಎಲ್_ಈಪ್ರಾಮ್ ಎಂಬ ಕಮಾಂಡ್‌ನಿಂದ ನಂಬರ್ ಬದಲಿಸಿ, ತೆಗೆದು ಮತ್ತೆ ಚುಚ್ಚಿ. ಯುಎಸ್‌ಬಿ ಹಬ್ ಬಳಸುವುದಾದರೆ ಕರೆಂಟಿಗೆ ಪ್ರತ್ಯೇಕ ಅಡಾಪ್ಟರ್ ಇರುವುದನ್ನೇ ತಗೊಳ್ಳಿ. ವಿಂಡೋಸ್‌ನಲ್ಲಿ ಜಾಡಿಗ್ ಎಂಬ ಸಾಫ್ಟ್‌ವೇರ್‌ನಿಂದ ವಿನ್‌ಯುಎಸ್‌ಬಿ ಡ್ರೈವರ್ ಹಾಕಬೇಕು. ಆಗ ಪಟ್ಟಿಯಲ್ಲಿ ಡಾಂಗಲ್‌ನ ಇಂಟರ್‌ಫೇಸ್ 0 ಆರಿಸಿ, ತಪ್ಪಿ ಕೀಬೋರ್ಡ್ ಆರಿಸಿದರೆ ಕೀಬೋರ್ಡೇ ಸತ್ತಂತೆ.

ಕೊಳ್ಳುವಾಗ ಟಿಸಿಎಕ್ಸ್‌ಓ (ಬಿಸಿ ಏರಿಳಿದರೂ ಹೆಚ್ಚು ಜಾರದ ಕ್ರಿಸ್ಟಲ್) ಇರುವುದಕ್ಕೆ ಮಾತ್ರ ದುಡ್ಡು ಕೊಡಿ. ಸಾದಾ ಕ್ರಿಸ್ಟಲ್ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು) ತಪ್ಪಿದರೆ 400 ಮೆಗಾಹರ್ಟ್ಸ್‌ನಲ್ಲಿ 20 ಕಿಲೋಹರ್ಟ್ಸ್ ಆಚೆ ಹೋಗುತ್ತದೆ, ಅಂದರೆ 12.5 ಕಿಲೋಹರ್ಟ್ಸ್ ಅಗಲದ ಚಾನೆಲ್ ದಾಟಿ ಪಕ್ಕದ್ದರೊಳಗೆ. 1 ಪಿಪಿಎಂ ಇದ್ದರೆ ತಪ್ಪು 0.4 ಕಿಲೋಹರ್ಟ್ಸ್ ಮಾತ್ರ. ನಮ್ಮ ಬೇಸಿಗೆಯಲ್ಲಿ ಡಾಂಗಲನ್ನು ಮಾಳಿಗೆ ಮೇಲೆ ಬಿಸಿಲಿಗೆ ಇಡಬೇಡಿ, ಕಾದಷ್ಟೂ ಫ್ರೀಕ್ವೆನ್ಸಿ ಜಾರುತ್ತದೆ. ಒಳಗಿಟ್ಟು ಕೇಬಲ್ ಎಳೆಯಿರಿ. ಜೊತೆಗೆ ಬರುವ ತೆಳ್ಳನೆಯ ಆರ್‌ಜಿ-174 ತರಹದ್ದು ಬೇಡ: 1000 ಮೆಗಾಹರ್ಟ್ಸ್ ಹತ್ತಿರ ಮೀಟರಿಗೆ ಸುಮಾರು 1 ಡೆಸಿಬೆಲ್ ನುಂಗುತ್ತದೆ, 10 ಮೀಟರಿಗೆ ಸಿಗ್ನಲ್‌ನ ಹತ್ತರಲ್ಲಿ ಒಂದು ಪಾಲು ಉಳಿದರೆ ಹೆಚ್ಚು. ಡಿಶ್ ಆಂಟೆನಾಕ್ಕೆ ಹಾಕುವ ಆರ್‌ಜಿ-6 ಅಗ್ಗ, ನಷ್ಟವೂ ಬಹಳ ಕಮ್ಮಿ. ಅದು 75 ಓಂ ಅಂತ ಗಾಬರಿಯಾಗಬೇಡಿ, ಬರೀ ಕೇಳುವುದಕ್ಕೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. ಗೇನನ್ನು (ಡಾಂಗಲ್ ಸಿಗ್ನಲ್ ಹಿಗ್ಗಿಸುವ ಮಟ್ಟ) ಆಟೊದಲ್ಲಿ ಬಿಡದೆ 30ರಿಂದ ಶುರುಮಾಡಿ. ಸಿಗ್ನಲ್ ಏರದೆ ತಳದ ಗದ್ದಲವಷ್ಟೇ ಏರತೊಡಗಿದಾಗ ಒಂದು ಮೆಟ್ಟಿಲು ಇಳಿಸಿ.

ಕೈ ಪಳಗಿಸಲು 137.9 ಮೆಗಾಹರ್ಟ್ಸ್‌ನ ಮೆಟಿಯೊರ್-ಎಂ ಹವಾಮಾನ ಉಪಗ್ರಹಗಳು ಒಳ್ಳೆಯವು. ಸ್ಯಾಟ್‌ಡಂಪ್ ಎಂಬ ಸಾಫ್ಟ್‌ವೇರ್ ಅವುಗಳ ಸಿಗ್ನಲ್‌ನಿಂದ ಚಿತ್ರ ತೆಗೆದುಕೊಡುತ್ತದೆ. 52 ಸೆಂಟಿಮೀಟರಿನ ಎರಡು ತಂತಿಗಳನ್ನು 120 ಡಿಗ್ರಿ ಕೋನದ ವಿ ಆಕಾರದಲ್ಲಿ ಅಡ್ಡಲಾಗಿ, ಉತ್ತರ-ದಕ್ಷಿಣಕ್ಕೆ ಮುಖಮಾಡಿ ಕಟ್ಟಿ. ಕೋಟೆ ಗುಡ್ಡದ ಬುಡದಲ್ಲಿ ಮನೆಯಿದ್ದರೆ ಗುಡ್ಡ ಅಡ್ಡಬಂದು ಚಿತ್ರದಲ್ಲಿ ಆ ದಿಕ್ಕಿನ ಪಟ್ಟಿ ಕತ್ತರಿಸಿದಂತೆ ಹೋಗುತ್ತದೆ; ಅದಕ್ಕೆ ಡಾಂಗಲ್ ಬದಲಿಸಿ ಪ್ರಯೋಜನವಿಲ್ಲ.