ಒಬ್ಬನೇ ಮೆಂಬರ್ ಏನ್ ಮಾಡ್ಬಲ್ಲ? - ದಾವಣಗೆರೆ ಓದುಗರಿಗೆ ಸಂಪಾದಕರ ಉತ್ತರ

ನಮಸ್ಕಾರ ಸರ್,

ನಿಮ್ಮ ನಾಲ್ಕು ಪುಟದ ಪತ್ರ ಸಿಕ್ತು. ಹೋದ ಸಂಚಿಕೇಲಿ ನಾವು ಹಾಕಿದ್ದ ವಿ.ವಿ. ಗಿರಿಯವ್ರ ಲೇಖನ, ಅಂದ್ರೆ 1913ರಲ್ಲಿ ಲಾ ಓದೋಕೆ ಐರ್ಲೆಂಡಿನ ಡಬ್ಲಿನ್‌ಗೆ ಹೋದ ಹುಡುಗ ಅಲ್ಲಿ ಜಿಮ್ ಲಾರ್ಕಿನ್, ಜೇಮ್ಸ್ ಕಾನ್ನಲಿ ನಡೆಸ್ತಿದ್ದ ಕಾರ್ಮಿಕ ಹೋರಾಟ ಹತ್ರದಿಂದ ನೋಡಿ, 1916ರಲ್ಲಿ ವಾಪಸ್ ಬಂದು ರೈಲ್ವೆ ಕಾರ್ಮಿಕರ ಯೂನಿಯನ್ ಕಟ್ಟಿ, ಮುಂದೆ 1965ರಿಂದ 67ರ ತನಕ ನಮ್ಮ ಮೈಸೂರು ರಾಜ್ಯಕ್ಕೇ ರಾಜ್ಯಪಾಲರಾಗಿ ಬಂದ ಕಥೆ, ನಿಮಗೆ ಇಷ್ಟ ಆಗಿದೆ ಅಂತ ಬರ್ದಿದೀರಿ, ಸಂತೋಷ. ಆದ್ರೆ ಜೊತೆಗೇ ಒಂದು ಮಾತು ಸೇರಿಸಿದೀರಿ. ಅದೆಲ್ಲ ನೂರು ವರ್ಷದ ಹಿಂದಿನ ಮಾತು, ಈಗ ಅಂಥೋರು ಹುಟ್ಟಲ್ಲ, ಹುಟ್ಟಿದ್ರೂ ಸದನದಲ್ಲಿ ಒಬ್ಬನೇ ಕೂತು ಏನ್ ಕಿಸೀತಾನೆ, ಬಹುಮತ ಇದ್ದೋರು ಮಾಡಿದ್ದೇ ಕಾನೂನು, ಅಂಥವನಿಗೆ ಹಾಕೋ ವೋಟು ನೀರಲ್ಲಿ ಹಾಕಿದ ಹಾಗೆ, ಅಂತ. ಮೂವತ್ತು ವರ್ಷ ಮಿಲ್ಲಲ್ಲಿ ದುಡಿದು, ಯೂನಿಯನ್ ಬಾವುಟ ಹಿಡ್ದು, ಆಮೇಲೆ ಮಿಲ್ ಮುಚ್ಚೋದನ್ನೂ ನೋಡಿದೋರು ನೀವು. ನಿಮ್ಮ ಬೇಸರ ಎಲ್ಲಿಂದ ಬಂತು ಅಂತ ನನಗೆ ಅರ್ಥ ಆಗುತ್ತೆ. ಆದ್ರೂ ಈ ಮಾತನ್ನ ನಾನು ಒಪ್ಪಲ್ಲ, ಯಾಕೆ ಒಪ್ಪಲ್ಲ ಅಂತ ಹೇಳೋಕೆ ಅದೇ ಐರ್ಲೆಂಡಿನ ಇನ್ನೊಬ್ಬ ರಾಜಕಾರಣಿ ವಿಷ್ಯ ಹೇಳ್ಬೇಕು. ಇವರು ನೂರು ವರ್ಷದ ಹಿಂದಿನೋರಲ್ಲ, ನಮ್ಮ ಕಾಲದೋರೇ.

ಹೆಸ್ರು ಜೋ ಹಿಗಿನ್ಸ್. 1949ರಲ್ಲಿ ಕೆರ್ರಿ ಕೌಂಟಿಯ ಲಿಸ್ಪೋಲ್ ಅನ್ನೋ ಊರಲ್ಲಿ, ಸಣ್ಣ ಹಿಡುವಳಿ ರೈತರ ಮನೇಲಿ, ಒಂಬತ್ತು ಮಕ್ಕಳಲ್ಲಿ ಒಬ್ಬರಾಗಿ ಹುಟ್ಟಿದ್ರು. ಐರಿಶ್ ಭಾಷೆ ಇನ್ನೂ ಜನರ ಬಾಯಲ್ಲಿ ಉಳಿದಿರೋ ಸೀಮೆ ಅದು. ಮೊದ್ಲು ಪಾದ್ರಿ ಆಗೋಕೆ ಹೊರಟಿದ್ರು, ಅದಕ್ಕಂತ ಅಮೆರಿಕಾಗೆ ಓದೋಕೂ ಹೋದ್ರು, ಅಲ್ಲಿ ನೋಡಿದ್ರೆ ವಿಯೆಟ್ನಾಂ ಯುದ್ಧದ ವಿರುದ್ಧ ಹುಡುಗರೆಲ್ಲ ಬೀದಿಗಿಳಿದ ಕಾಲ, ಅದರ ಪ್ರಭಾವ ಜೋರಾಗೇ ಆಯ್ತು, ಪಾದ್ರಿ ಆಗೋದು ಬಿಟ್ಟು ಡಬ್ಲಿನ್‌ಗೆ ಬಂದು ಓದಿ ಮೇಷ್ಟ್ರಾದ್ರು. ಲೇಬರ್ ಪಾರ್ಟಿ ಒಳಗಿದ್ದ ಎಡಪಂಥೀಯ ಗುಂಪಲ್ಲಿ ಇದ್ರು, 1989ರಲ್ಲಿ ಪಾರ್ಟಿ ಇವರನ್ನ ಹೊರಗೆ ಹಾಕ್ತು. ಸಾಮಾನ್ಯವಾಗಿ ಪಾರ್ಟಿಯಿಂದ ಹೊರಗೆ ಬಿದ್ದೋರ ಕಥೆ ಅಲ್ಲಿಗೆ ಮುಗೀತು ಅಂತಾರೆ. ಇವರದ್ದು ಅಲ್ಲಿಂದ ಶುರು. 1991ರಲ್ಲಿ ಡಬ್ಲಿನ್‌ನ ಪಶ್ಚಿಮದ ಅಂಚಲ್ಲಿರೋ ಮಲ್‌ಹಡರ್ಟ್‌ನಿಂದ ಕೌನ್ಸಿಲರ್ ಆದ್ರು.

1994ರಲ್ಲಿ ಡಬ್ಲಿನ್ ಸುತ್ತಲಿನ ಕೌನ್ಸಿಲ್‌ಗಳು ಮನೆ ನೀರಿಗೆ ಬೇರೆ ಶುಲ್ಕ ಹಾಕೋಕೆ ಶುರು ಮಾಡಿದ್ವು. ಸಂಬಳದಲ್ಲೇ ಟ್ಯಾಕ್ಸ್ ಹಿಡ್ಕೊಂಡಾಗಿದೆ, ಈಗ ಅದೇ ನೀರಿಗೆ ಎರಡನೇ ಸಲ ಯಾಕೆ ಕೊಡ್ಬೇಕು ಅಂತ ಜನ ಕಟ್ಟೋದೇ ಬಿಟ್ರು. ಕೌನ್ಸಿಲ್‌ನೋರು ಕನೆಕ್ಷನ್ ಕಟ್ ಮಾಡೋಕೆ ಬಂದ್ರೆ ಬೀದಿ ಜನ ಅಡ್ಡ ನಿಲ್ಲೋರು, ಕೋರ್ಟಿಗೆ ಎಳೆದ್ರೆ ಎಲ್ಲ ಸೇರಿ ದುಡ್ಡು ಹಾಕಿ ವಕೀಲರನ್ನ ಇಡೋರು. ಈ ಹೋರಾಟದ ಮುಂದಾಳು ಹಿಗಿನ್ಸ್. 1996ರ ಏಪ್ರಿಲ್‌ನಲ್ಲಿ ಡಬ್ಲಿನ್ ವೆಸ್ಟ್ ಬೈಎಲೆಕ್ಷನ್ ಬಂತು, ಇದೇ ವಿಷ್ಯ ಇಟ್ಕೊಂಡು ನಿಂತ್ರು, ಸೋತ್ರು. ಬರೀ ಕೆಲವೇ ನೂರು ವೋಟಲ್ಲಿ. ಗೆದ್ದ ಬ್ರಯನ್ ಲೆನಿಹನ್ ತೀರಿಹೋದ ಸದಸ್ಯರ ಮಗ, ದೇಶದ ದೊಡ್ಡ ಪಾರ್ಟಿ ಕ್ಯಾಂಡಿಡೇಟು. ಇಲ್ಲಿ ಸ್ವಲ್ಪ ನಿಂತು ನೋಡಿ ಸರ್. ಹಿಗಿನ್ಸ್ ಇನ್ನೂ ಸಂಸತ್ತಿನ ಮೆಟ್ಟಿಲೇ ಹತ್ತಿಲ್ಲ, ಆದ್ರೆ ಮುಂದಿನ ಎಲೆಕ್ಷನ್‌ನಲ್ಲಿ ಇದೇ ವಿಷ್ಯಕ್ಕೆ ತಮ್ಮ ಸೀಟು ಹೋಗ್ಬಹುದು ಅಂತ ಆಳೋ ಪಕ್ಷಗಳಿಗೆ ದಿಗಿಲು ಬಿದ್ದು, ಅದೇ ವರ್ಷದ ಕೊನೆಗೆ ನೀರಿನ ಶುಲ್ಕ ರದ್ದು ಅಂತ ಸರ್ಕಾರ ಘೋಷಣೆ ಮಾಡ್ತು. ಸೋತ ಕ್ಯಾಂಡಿಡೇಟಿಗೆ ಬಿದ್ದ ವೋಟು ಮಾಡಿದ ಕೆಲಸ ಇದು.

1997ರ ಜನರಲ್ ಎಲೆಕ್ಷನ್‌ನಲ್ಲಿ ಗೆದ್ದು ಡಾಲ್‌ಗೆ ಹೋದ್ರು. ಡಾಲ್ ಅಂದ್ರೆ ಅವರ ಲೋಕಸಭೆ, ಆಗ 166 ಸೀಟು, ಅದ್ರಲ್ಲಿ ಇವರ ಸೋಷಲಿಸ್ಟ್ ಪಾರ್ಟಿಯವರು ಇವರೊಬ್ಬರೇ. ಸಣ್ಣ ಪಾರ್ಟಿಯೋರಿಗೆ, ಪಕ್ಷೇತರರಿಗೆ ಅಲ್ಲೂ ಮಾತಾಡೋಕೆ ಟೈಮ್ ಸಿಗೋದು ಕಷ್ಟಾನೇ, ಅದಕ್ಕೆ 2002ರ ನಂತ್ರ ಗ್ರೀನ್ಸ್, ಶಿನ್ ಫೇನ್ ಅನ್ನೋ ಪಾರ್ಟಿಗಳು, ಪಕ್ಷೇತರರು ಎಲ್ಲ ಸೇರಿ, ಸಿದ್ಧಾಂತ ಬೇರೆ ಬೇರೆ ಆದ್ರೂ, ಬರೀ ಮಾತಿನ ಸಮಯಕ್ಕಾಗಿ ಒಂದು ಟೆಕ್ನಿಕಲ್ ಗ್ರೂಪ್ ಮಾಡ್ಕೊಂಡ್ರು. ಪ್ರಧಾನಿಗೆ ನೇರ ಪ್ರಶ್ನೆ ಕೇಳೋ ಅವಕಾಶ ಸರದಿ ಮೇಲೆ ಹಿಗಿನ್ಸ್‌ಗೂ ಬರೋದು. ಆಗಿನ ಪ್ರಧಾನಿ ಬರ್ಟಿ ಅಹೆರ್ನ್ ಯಾವ ಪ್ರಶ್ನೆಗೂ ಸಿಕ್ಕಾಕೊಳ್ಳದೆ ಜಾರ್ಕೊಳ್ಳೋದ್ರಲ್ಲಿ ಹೆಸರುವಾಸಿ. ಇವರಿಗೆ ಪ್ರಶ್ನೆ ಕೇಳೋದು ಹುಲ್ಲಿನ ಬಣವೆಗೆ ಚೆಂಡು ಹೊಡೆದ ಹಾಗೆ, ಧಪ್ ಅಂತ ಸದ್ದು ಬರುತ್ತೆ, ಚೆಂಡು ಮಾತ್ರ ವಾಪಸ್ ಬರಲ್ಲ, ಅನ್ನೋ ಅರ್ಥದ ಮಾತನ್ನ ಹಿಗಿನ್ಸ್ ಸದನದಲ್ಲೇ ಹೇಳಿದ್ರು. ರೈತನ ಮಗ ಅಲ್ವಾ, ಅದು ಈಗ್ಲೂ ಅಲ್ಲಿನ ಜನರ ಬಾಯಲ್ಲಿದೆ.

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ, ನಾನು ಈ ಉತ್ತರ ಬರೀತಿರೋದೇ ಇದಕ್ಕೋಸ್ಕರ.

2000ದ ಆಸುಪಾಸು ಐರ್ಲೆಂಡಲ್ಲಿ ಕಟ್ಟಡ ಕೆಲಸ ಎಲ್ಲಿ ನೋಡಿದ್ರೂ. ಗಾಮಾ ಅನ್ನೋ ಟರ್ಕಿ ಮೂಲದ ದೊಡ್ಡ ಕನ್‌ಸ್ಟ್ರಕ್ಷನ್ ಕಂಪನಿ ಅಲ್ಲಿ ರಸ್ತೆ, ಪವರ್ ಸ್ಟೇಷನ್ ಕಾಂಟ್ರಾಕ್ಟ್ ಹಿಡಿದಿತ್ತು, ಅದ್ರಲ್ಲಿ ಎನ್ನಿಸ್ ಬೈಪಾಸ್ ಥರದ ಸರ್ಕಾರಿ ದುಡ್ಡಿನ ಕೆಲಸಗಳೂ ಇದ್ವು. ಕೆಲಸಗಾರರನ್ನ ಟರ್ಕಿಯಿಂದಾನೇ ತರಿಸ್ತಿದ್ರು. ಸೈಟ್ ಪಕ್ಕದಲ್ಲೇ ಕಂಪನಿ ಶೆಡ್ಡಲ್ಲಿ ವಾಸ, ಊಟ ಕಂಪನಿದು, ಇಂಗ್ಲಿಷ್ ಬರಲ್ಲ, ಊರಲ್ಲಿ ಯಾರ ಪರಿಚಯವೂ ಇಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ವರ್ಕ್ ಪರ್ಮಿಟ್ ಇರ್ತಿದ್ದದ್ದು ಮಾಲೀಕನ ಕೈಲಿ. ಅಂದ್ರೆ ಬಾಯಿ ಬಿಟ್ರೆ ಕೆಲಸ ಹೋಗುತ್ತೆ, ಕೆಲಸ ಹೋದ್ರೆ ದೇಶದಲ್ಲಿರೋ ಹಕ್ಕೂ ಹೋಗುತ್ತೆ. ಇಂಥೋರಲ್ಲಿ ಕೆಲವರು ಹೆದರ್ಕೊಂಡೇ ಹಿಗಿನ್ಸ್ ಪಾರ್ಟಿಯ ಕೌನ್ಸಿಲರ್ ಒಬ್ಬರ ಹತ್ರ ತಮ್ಮ ಕಷ್ಟ ಹೇಳ್ಕೊಂಡ್ರು. ಮಂತ್ರಿ ಹತ್ರ ಹೋಗ್ಲಿಲ್ಲ, ದೊಡ್ಡ ಪಾರ್ಟಿಯೋರ ಹತ್ರ ಹೋಗ್ಲಿಲ್ಲ. ನಂಬಿಕೆ ಇದ್ದ ಕಡೆ ಹೋದ್ರು.

2005ರ ಫೆಬ್ರವರಿ 8ಕ್ಕೆ ಹಿಗಿನ್ಸ್ ಎದ್ದು ನಿಂತು ಪ್ರಧಾನಿ ಮುಂದೆ ಇದನ್ನ ಇಟ್ರು. ವಾರಕ್ಕೆ 80 ಗಂಟೆವರೆಗೂ ದುಡಿಸ್ತಾರೆ, ಗಂಟೆಗೆ ಕೈಗೆ ಬರೋದು ಎರಡು ಮೂರು ಯೂರೋ, ಅಂತ. ಆಗ ಇಡೀ ದೇಶಕ್ಕೆ ಇದ್ದ ಕನಿಷ್ಠ ವೇತನವೇ ಗಂಟೆಗೆ 7 ಯೂರೋ, ಕಟ್ಟಡ ಕೆಲಸದ ರೇಟ್ ಅದಕ್ಕಿಂತ ಎಷ್ಟೋ ಜಾಸ್ತಿ. ಕಂಪನಿ ಆರೋಪ ಒಪ್ಲಿಲ್ಲ. ಆದ್ರೆ ಸದನದಲ್ಲಿ ರೆಕಾರ್ಡ್ ಆದ ಮಾತನ್ನ ಪತ್ರಿಕೆಗಳು ಬಿಡಲ್ವಲ್ಲ, ಆ ಇಲಾಖೆ ಮಂತ್ರಿಯಾಗಿದ್ದ ಮಿಹಾಲ್ ಮಾರ್ಟಿನ್ ಲೇಬರ್ ಇನ್ಸ್‌ಪೆಕ್ಟರ್‌ಗಳನ್ನ ತನಿಖೆಗೆ ಕಳಿಸ್ಬೇಕಾಯ್ತು. ತನಿಖೆ ವರದಿ ಹೊರಗೆ ಬರದ ಹಾಗೆ ಕಂಪನಿ ಹೈಕೋರ್ಟಿಗೂ ಹೋಯ್ತು.

ಆಮೇಲೆ ಬಂತು ನೋಡಿ ವಿಷ್ಯ. ಕೆಲಸಗಾರರ ಸಂಬಳದ ಬಾಕಿ ದುಡ್ಡು ಎಲ್ಲೋ ಇತ್ತು. ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಫಿನಾನ್ಸ್‌ಬ್ಯಾಂಕ್ ಅನ್ನೋ ಬ್ಯಾಂಕಲ್ಲಿ, ಇವರದೇ ಹೆಸ್ರಿನ ಅಕೌಂಟ್‌ಗಳು! ತಮ್ಮ ಹೆಸ್ರಲ್ಲಿ ಅಲ್ಲೊಂದು ಅಕೌಂಟ್ ಇದೆ ಅನ್ನೋದೇ ನಮಗೆ ಗೊತ್ತಿರ್ಲಿಲ್ಲ ಅಂದ್ರು ಕೆಲಸಗಾರರು. ಊಹೆ ಮಾಡ್ಕೊಳಿ, ಗಾರೆ ಕಲಸೋನು, ಕಬ್ಬಿಣ ಕಟ್ಟೋನು, ಶೆಡ್ಡಲ್ಲಿ ಮಲಗಿ ಊರಿಗೆ ನೂರಿನ್ನೂರು ಕಳಿಸೋಕೆ ಒದ್ದಾಡ್ತಿದಾನೆ, ಅವನ ಕೈಗೆ ಒಂದು ದಿನ ಒಂದು ಕಂಪ್ಯೂಟರ್ ಪ್ರಿಂಟ್ ಕೊಡ್ತಾರೆ, ಅದ್ರಲ್ಲಿ ಅವನ ಹೆಸ್ರು, ಎದುರಿಗೆ ಸಾವಿರಾರು ಯೂರೋ. ಅವನದೇ ಬೆವರಿನ ದುಡ್ಡು, ಅವನು ಕಾಲಿಡದ ಮೂರನೇ ದೇಶದಲ್ಲಿ. ನನಗಂತೂ ಇದನ್ನ ಮೊದಲ ಸಲ ಓದಿದಾಗ ಮೈ ಉರಿದುಹೋಗಿತ್ತು.

ನೂರಾರು ಜನ ಕೆಲಸ ನಿಲ್ಲಿಸಿದ್ರು, ವಾರಗಟ್ಲೆ ಸ್ಟ್ರೈಕ್ ನಡೀತು, ಭಾಷೆ ಬರದ ಆ ಜನ ಡಬ್ಲಿನ್ ಬೀದಿಯಲ್ಲಿ ಮೆರವಣಿಗೆ ಹೋಗಿ ಸಂಸತ್ತಿನ ಮುಂದೆ ನಿಂತ್ರು. ಬ್ಯಾಂಕಲ್ಲಿದ್ದ ದುಡ್ಡು ಅವರ ಕೈಗೆ ಬಂತು. ಓವರ್‌ಟೈಮ್ ಬಾಕಿಗೆ ಲೇಬರ್ ಕೋರ್ಟ್ ಮಾಡಿದ ಶಿಫಾರಸು, ಸರ್ವಿಸ್‌ನ ಒಂದೊಂದು ವರ್ಷಕ್ಕೆ 8,000 ಯೂರೋ. ಪೂರ್ತಿ ನ್ಯಾಯ ಸಿಕ್ತು ಅಂತ ನಾನು ಹೇಳಲ್ಲ, ಅವರು ದುಡಿದ ಗಂಟೆಗಳಿಗೆ ಅದು ಕಮ್ಮೀನೇ. ಆದ್ರೆ ಫೆಬ್ರವರಿಯಲ್ಲಿ ಆ ಒಂದು ಪ್ರಶ್ನೆ ಬರದೇ ಹೋಗಿದ್ರೆ ಇದು ಯಾವುದೂ ಹೊರಗೆ ಬರ್ತಿತ್ತಾ? ಗೆಲ್ಲಿಸಿದ್ದು ಹಿಗಿನ್ಸ್ ಅಲ್ಲ, ಸ್ಟ್ರೈಕ್ ಮಾಡಿದ ಕೆಲಸಗಾರರು, ಇದನ್ನೂ ಸ್ಪಷ್ಟವಾಗಿ ಹೇಳ್ಬೇಕು. ಅವರ ದನಿ ಹೋಗದ ಜಾಗದಲ್ಲಿ ಅವರ ಮಾತನ್ನ ಇಟ್ಟದ್ದು ಹಿಗಿನ್ಸ್. ಸದನದ ಒಬ್ಬ ಮೆಂಬರ್ ಇರೋದು ಅದಕ್ಕೇ ತಾನೇ ಸರ್?

ಅದೇ ವರ್ಷದ ಕೊನೆಗೆ ಐರಿಶ್ ಫೆರೀಸ್ ಅನ್ನೋ ಹಡಗು ಕಂಪನಿ ತನ್ನ ಐನೂರಕ್ಕೂ ಹೆಚ್ಚು ಜನರನ್ನ ತೆಗೆದು, ಆ ಜಾಗಕ್ಕೆ ಪೂರ್ವ ಯುರೋಪಿನಿಂದ ಏಜೆನ್ಸಿ ಮೂಲಕ ಗಂಟೆಗೆ ಮೂರೂವರೆ ಯೂರೋ ಚಿಲ್ಲರೆಗೆ ಜನ ತರೋಕೆ ಹೊರಡ್ತು. ಡಿಸೆಂಬರ್ 9ಕ್ಕೆ ಐರ್ಲೆಂಡಿನ ಬೇರೆ ಬೇರೆ ಊರು ಸೇರಿ ಸುಮಾರು ಲಕ್ಷ ಜನ ರಸ್ತೆಗಿಳಿದ್ರು. ಅವತ್ತಿನ ಸಿಟ್ಟು ವಲಸೆ ಬಂದೋರ ಮೇಲೆ ತಿರುಗೋ ಅಪಾಯ ಇತ್ತು, ನಮ್ಮ ಕೆಲಸ ಕಿತ್ಕೊಂಡ್ರು ಅಂತ ಕೂಗೋದು ಸುಲಭ. ಆದ್ರೆ ಮೋಸ ಮಾಡೋನು ವಲಸಿಗ ಅಲ್ಲ, ಮೋಸ ಹೋಗೋನು ಅವನು ಅನ್ನೋದನ್ನ ಗಾಮಾ ಕೆಲಸಗಾರರು ಅಷ್ಟೊತ್ತಿಗೆ ಎಲ್ಲರಿಗೂ ತೋರಿಸಿ ಆಗಿತ್ತು. ಇವೆರಡರ ಒತ್ತಡಕ್ಕೆ 2006ರಲ್ಲಿ ಸರ್ಕಾರ, ಯೂನಿಯನ್, ಮಾಲೀಕರ ಮಧ್ಯೆ ಆದ ಒಪ್ಪಂದದಲ್ಲಿ ಲೇಬರ್ ಇನ್ಸ್‌ಪೆಕ್ಟರ್‌ಗಳ ಸಂಖ್ಯೆನ 90ಕ್ಕೆ ಏರಿಸ್ತೀವಿ ಅಂತ ಮಾತು ಕೊಟ್ರು, ಕಾರ್ಮಿಕ ಹಕ್ಕಿಗೇ ಅಂತ ಒಂದು ಬೇರೆ ಸಂಸ್ಥೆ ಬಂತು.

ನಿಮ್ಮ ಪತ್ರದ ಅಂಚಲ್ಲಿ ಸಣ್ಣಕ್ಷರದಲ್ಲಿ, ಮೊಮ್ಮಗ ಡಬ್ಲಿನ್ ಹೋಟೆಲೊಂದಕ್ಕೆ ಅಡುಗೆ ಕೆಲಸಕ್ಕೆ ಹೊರಟಿದಾನೆ, ಆ ದೇಶ ಹೇಗೆ ಅಂತ ಕೇಳಿದೀರಿ. ಅದಕ್ಕೂ ಉತ್ತರ ಇಲ್ಲೇ ಇದೆ. 2006ರಲ್ಲೇ ಅಲ್ಲಿ ಹೊಸ ಎಂಪ್ಲಾಯ್‌ಮೆಂಟ್ ಪರ್ಮಿಟ್ಸ್ ಕಾಯ್ದೆ ಬಂತು, ಆಮೇಲಿಂದ ಪರ್ಮಿಟ್ ಕೊಡೋದು ಕೆಲಸಗಾರನ ಹೆಸ್ರಿಗೆ. ಅವನ ಪಾಸ್‌ಪೋರ್ಟು, ಸರ್ಟಿಫಿಕೇಟು ಮಾಲೀಕ ಇಟ್ಕೊಳ್ಳೋ ಹಾಗಿಲ್ಲ, ಕೆಲಸಕ್ಕೆ ಕರೆಸಿದ ಖರ್ಚು ಅಂತ ಸಂಬಳದಲ್ಲಿ ಹಿಡಿಯೋ ಹಾಗಿಲ್ಲ. ಸಂಬಳದ ಚೀಟಿ ಕೊಡ್ಲೇಬೇಕು. ಏನಾದ್ರೂ ಮೋಸ ಆದ್ರೆ ವರ್ಕ್‌ಪ್ಲೇಸ್ ರಿಲೇಷನ್ಸ್ ಕಮಿಷನ್ ಅಂತ ಇದೆ, ಆರು ತಿಂಗಳೊಳಗೆ ದೂರು ಕೊಡ್ಬೇಕು, ತಡ ಮಾಡ್ಬೇಡ ಅಂತ ಹೇಳಿ. ಅಲ್ಲಿರೋ ನಮ್ಮ ನರ್ಸ್‌ಗಳು, ಐಟಿ ಹುಡುಗರು, ಅಡುಗೆಯೋರು ಪರ್ಮಿಟ್ ಮೇಲೆ ದುಡೀತಾ ಇರೋದು ಆ ಟರ್ಕಿ ಕೆಲಸಗಾರರಿಗೆ ಇಲ್ಲದಿದ್ದ ಈ ರಕ್ಷಣೆ ಇಟ್ಕೊಂಡೇ.

ಎಲ್ಲದ್ರಲ್ಲೂ ಗೆದ್ರು ಅಂತೇನಲ್ಲ. 2003ರಲ್ಲಿ ಕಸದ ಶುಲ್ಕದ ವಿರುದ್ಧ ಹೋರಾಟದಲ್ಲಿ ಕಸದ ಲಾರಿ ಅಡ್ಡಗಟ್ಟಬಾರ್ದು ಅನ್ನೋ ಹೈಕೋರ್ಟ್ ಆದೇಶ ಮೀರಿದ್ರು ಅಂತ ಹಿಗಿನ್ಸ್‌ಗೆ, ಅವರ ಜೊತೆಗಿದ್ದ ಕೌನ್ಸಿಲರ್ ಕ್ಲೇರ್ ಡೇಲಿಗೆ ಒಂದು ತಿಂಗಳು ಜೈಲಾಯ್ತು, ಆ ಹೋರಾಟ ಸೋತೇ ಹೋಯ್ತು. ಅವರ ಪಾರ್ಟಿ ಹೇಳೋ ಆರ್ಥಿಕ ನೀತಿ ಎಲ್ಲವನ್ನೂ ನಾನು ಒಪ್ತೀನಿ ಅಂತಲೂ ಇಲ್ಲ, ದೊಡ್ಡ ಕಂಪನಿಗಳೆಲ್ಲ ಸರ್ಕಾರದ್ದಾಗ್ಬೇಕು ಅನ್ನೋದ್ರಲ್ಲಿ ನನಗೆ ಅನುಮಾನಗಳಿವೆ. 2007ರಲ್ಲಿ, ಗಾಮಾ ವಿಷ್ಯದಲ್ಲಿ ಇಷ್ಟೆಲ್ಲ ಹೆಸ್ರು ಮಾಡಿದ ಎರಡೇ ವರ್ಷಕ್ಕೆ, ಸೀಟೇ ಕಳ್ಕೊಂಡ್ರು. ಆ ಟರ್ಕಿ ಕೆಲಸಗಾರರಿಗೆ ಅಲ್ಲಿ ವೋಟಿಲ್ಲ ನೋಡಿ, ವೋಟಿಲ್ಲದೋರ ಪರ ನಿಲ್ಲೋದ್ರಿಂದ ಬ್ಯಾಲೆಟ್ ಬಾಕ್ಸ್ ತುಂಬಲ್ಲ, ಅದು ಗೊತ್ತಿದ್ದೇ ನಿಂತಿದ್ರು ಅನ್ನೋ ಕಾರಣಕ್ಕೇ ನನಗೆ ಅವರ ಮೇಲೆ ಗೌರವ ಜಾಸ್ತಿ. ಆ ಎಲೆಕ್ಷನ್‌ನಲ್ಲಿ ಅದೇ ಕ್ಷೇತ್ರದಿಂದ ಮೊದಲ ಸಲ ಗೆದ್ದೋರಲ್ಲಿ ಒಬ್ಬರು ಲಿಯೋ ವರಾಡ್ಕರ್, ತಂದೆ ಮುಂಬೈ ಕಡೆಯೋರು, ಮುಂದೆ 2017ರಲ್ಲಿ ಪ್ರಧಾನಿ ಆದ್ರಲ್ಲ, ಅವರೇ.

2009ಕ್ಕೆ ಹಿಗಿನ್ಸ್ ಯುರೋಪಿಯನ್ ಪಾರ್ಲಿಮೆಂಟಿಗೆ ಗೆದ್ರು, ಡಬ್ಲಿನ್‌ಗೆ ಇದ್ದದ್ದು ಮೂರೇ ಸೀಟು, ಆಳೋ ಪಾರ್ಟಿಯ ಹಾಲಿ ಸದಸ್ಯರೇ ಸೋತ್ರು. ಅಷ್ಟೊತ್ತಿಗೆ ಐರ್ಲೆಂಡಿನ ಬ್ಯಾಂಕ್‌ಗಳು ಮುಳುಗಿ, 2010ರಲ್ಲಿ 85 ಬಿಲಿಯನ್ ಯೂರೋ ಸಾಲದ ಪ್ಯಾಕೇಜ್ ಬಂತು. ಬ್ಯಾಂಕ್‌ನೋರ ಜೂಜಿನ ಸಾಲನ ಕೂಲಿ ಮಾಡೋರ ತಲೆ ಮೇಲೆ ಯಾಕೆ ಹೊರಿಸ್ತೀರಿ ಅಂತ 2011ರ ಜನವರಿಯಲ್ಲಿ ಯುರೋಪಿಯನ್ ಕಮಿಷನ್ ಅಧ್ಯಕ್ಷ ಬರೋಸೋ ಅವರನ್ನೇ ಎದುರೆದುರು ಕೇಳಿದ್ರು, ಅವರು ಸಿಟ್ಟಾಗಿ ತಪ್ಪೆಲ್ಲ ಐರ್ಲೆಂಡಿನ ಬ್ಯಾಂಕ್‌ಗಳದ್ದು, ಅವನ್ನ ನೋಡ್ಕೊಳ್ಳದೇ ಇದ್ದೋರದ್ದು ಅಂದ್ರು. ಮುಂದಿನ ತಿಂಗಳೇ ಡಬ್ಲಿನ್ ವೆಸ್ಟ್ ಜನ ಹಿಗಿನ್ಸ್‌ನ ಮತ್ತೆ ಡಾಲ್‌ಗೆ ಕಳಿಸಿದ್ರು.

ಇಷ್ಟೂ ವರ್ಷ ಸದಸ್ಯರ ಪೂರ್ತಿ ಸಂಬಳ ಅವರು ಮನೆಗೆ ಒಯ್ಯಲಿಲ್ಲ. ಒಬ್ಬ ಸಾಮಾನ್ಯ ಕೆಲಸಗಾರನಿಗೆ ಎಷ್ಟು ಬರುತ್ತೋ ಅಷ್ಟೇ ಇಟ್ಕೊಂಡು ಮಿಕ್ಕದ್ದನ್ನ ಹೋರಾಟಗಳಿಗೆ, ಪಾರ್ಟಿ ಕೆಲಸಕ್ಕೆ ಕೊಡೋದು ಅವರ ಪಾರ್ಟಿಯ ನಿಯಮ. ಕೊನೆ ಅವಧಿಯಲ್ಲಿ ಬ್ಯಾಂಕ್ ಕುಸಿತದ ತನಿಖೆಗೆ ಅಂತ ಸಂಸತ್ತು ಮಾಡಿದ ಸಮಿತಿಯಲ್ಲಿ ಇದ್ರು. 2016ರ ಜನವರಿಯಲ್ಲಿ ವರದಿ ರೆಡಿ ಆದಾಗ, ಇದು ನಿಜವಾದ ಹೊಣೆಗಾರರನ್ನ ಮುಟ್ಟಿಲ್ಲ ಅಂತ ಸಹಿ ಹಾಕ್ಲಿಲ್ಲ, ಬೇರೆ ವರದಿ ತಾವೇ ಬರೆದು ಕೊಟ್ರು. ಮುಂದಿನ ತಿಂಗಳ ಎಲೆಕ್ಷನ್‌ಗೆ ನಿಲ್ಲಲಿಲ್ಲ, ಜಾಗ ಕಿರಿಯರಿಗೆ ಬಿಟ್ಟಿದ್ರು.

ಇಂತಿ,
ಸಂಪಾದಕ