‘ಎನ್ನಲಾಗಿದೆ’ ಎಂದು ಬರೆದರೆ ಕೇಸು ತಪ್ಪುವುದಿಲ್ಲ

ಪ್ರಶ್ನೆ: ಪಂಚಾಯ್ತಿ ಮಾಡಿಸಿದ ಕಾಂಕ್ರೀಟ್ ರಸ್ತೆ ಕಳಪೆ ಎಂದು ಬ್ಲಾಗಿನಲ್ಲಿ ಬರೆದೆ. ‘ಗುತ್ತಿಗೆದಾರ, ಇಂಜಿನಿಯರ್ ಸೇರಿ ಹಣ ತಿಂದಿದ್ದಾರೆ ಎನ್ನಲಾಗಿದೆ’ ಎಂದಿದ್ದೆ. ಯಾರ ಹೆಸರೂ ಹಾಕಿರಲಿಲ್ಲ. ಈಗ ಗುತ್ತಿಗೆದಾರರ ವಕೀಲರು 50 ಲಕ್ಷ ಪರಿಹಾರ ಕೇಳಿ ನೋಟಿಸ್ ಕಳಿಸಿದ್ದಾರೆ. ಬರಹ ಅಳಿಸಿಬಿಡಲೇ?
– ಶಿರಸಿ ತಾಲ್ಲೂಕಿನ ಓದುಗ

ಅವಸರದಲ್ಲಿ ಅಳಿಸಬೇಡಿ. ಕುಮಟಾ, ಅಂಕೋಲಾ, ಯಲ್ಲಾಪುರ, ಎಲ್ಲ ಕಡೆಯಿಂದಲೂ ನನಗೆ ಇದೇ ಪ್ರಶ್ನೆ ಬರುತ್ತಿದೆ. ಎಲ್ಲರೂ ನಂಬಿರುವುದು ಆ ಒಂದು ಪದವನ್ನು. ಮಳೆಗಾಲಕ್ಕೆ ಮುಂಚೆ ಅಡಿಕೆ ಕೊನೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದಂತೆ ಸಾಲುಸಾಲಿಗೂ ‘ಎನ್ನಲಾಗಿದೆ’ ಸಿಂಪಡಿಸಿದರೆ ಕೇಸು ತಗಲುವುದಿಲ್ಲ ಎಂದು ನಿಮಗೆ ಹೇಳಿಕೊಟ್ಟವರು ಯಾರು? ಇನ್ನೊಬ್ಬರು ಆಡಿದ ಮಾತನ್ನು ನೀವು ಪ್ರಕಟಿಸಿದರೆ ಅದು ನಿಮ್ಮ ಪ್ರಕಟಣೆಯೇ. ಹೆಸರು ಹಾಕದಿದ್ದರೂ ಅಷ್ಟೇ. ಆ ರಸ್ತೆ ಮಾಡಿದ ಗುತ್ತಿಗೆದಾರ ಊರಿಗೆಲ್ಲ ಒಬ್ಬನೇ ಇದ್ದರೆ ಗುರುತು ಸಿಕ್ಕಿತು. ವ್ಯಂಗ್ಯವಾಗಿ ಬರೆದರೂ ಮಾನನಷ್ಟವಾಗಬಹುದು ಎಂದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ವಿವರಣೆಯಲ್ಲೇ ಇದೆ. ಸಿದ್ಧ ‘ಡಿಸ್‌ಕ್ಲೇಮರ್’ ಮಾರುವ ಯೂಟ್ಯೂಬ್ ಪಂಡಿತರಿಗೆ ದುಡ್ಡು ಕೊಡಬೇಡಿ. ‘ಇದು ಯಾರನ್ನೂ ಉದ್ದೇಶಿಸಿದ್ದಲ್ಲ’ ಎಂಬ ಸಾಲನ್ನು ನಂಬಿ ಬಂದವರನ್ನು ಕೋರ್ಟಿನ ಜಗಲಿಯಲ್ಲಿ ಬಹಳ ನೋಡಿದ್ದೇನೆ.

ಈಗ ನಿಮ್ಮ ನೋಟಿಸ್. ಅದು ವಕೀಲರ ಪತ್ರ, ಕೋರ್ಟಿನ ಆದೇಶವಲ್ಲ. 50 ಲಕ್ಷಕ್ಕೆ ದಾವೆ ಹೂಡುವವರು ಆ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಬೇಕು, ಬರಹ ಪ್ರಕಟವಾಗಿ ಒಂದು ವರ್ಷದೊಳಗೆ ಹೂಡಬೇಕು. ಕ್ರಿಮಿನಲ್ ಮಾನನಷ್ಟವಾದರೆ ಅವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಅದು ಅಸಂಜ್ಞೇಯ ಅಪರಾಧ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗಿಳಿಯುವಂತಿಲ್ಲ. ಹಾಗಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ವರ್ಷದವರೆಗೆ ಸಜೆಯಾಗಬಹುದು. ಈ ಅಪರಾಧವನ್ನೇ ಕಾನೂನಿನಿಂದ ತೆಗೆಯಿರಿ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಒಪ್ಪಲಿಲ್ಲ.

ಅಳಿಸಬೇಡಿ ಎಂದದ್ದಕ್ಕೆ ಕಾರಣವಿದೆ. ವರ್ಷಗಳ ಹಿಂದೆ ಹೊನ್ನಾವರ ಕಡೆಯ ಕಕ್ಷಿದಾರರೊಬ್ಬರು ಹೆದರಿ, ನನ್ನ ಹತ್ತಿರ ಬರುವ ಮೊದಲೇ ಎಲ್ಲವನ್ನೂ ಅಳಿಸಿಬಿಟ್ಟಿದ್ದರು. ಎದುರು ಪಕ್ಷದವರು ಕೋರ್ಟಿಗೆ ಕೊಟ್ಟ ಸ್ಕ್ರೀನ್‌ಶಾಟಿನಲ್ಲಿ ಆರೋಪದ ಪ್ಯಾರಾ ಮಾತ್ರ ಇತ್ತು. ಅದರ ಕೆಳಗೆ ಇವರೇ ಹಾಕಿದ್ದ ದಾಖಲೆಯ ಫೋಟೋ ಇರಲಿಲ್ಲ. ಫೋಟೋ ಇತ್ತು ಎಂದು ತೋರಿಸಲು ನಮ್ಮ ಕೈಯಲ್ಲಿ ಏನೂ ಉಳಿದಿರಲಿಲ್ಲ. ಆ ದಿನ ನೆನಪಾದರೆ ಈಗಲೂ ಸಂಕಟವಾಗುತ್ತದೆ. ಅದಕ್ಕೇ ಮೊದಲು ಇಡೀ ಪುಟವನ್ನು ವಿಳಾಸ, ದಿನಾಂಕ ಸಮೇತ ಉಳಿಸಿ ಪ್ರಿಂಟ್ ತೆಗೆಯಿರಿ. ಅದು ಸಾಕ್ಷ್ಯವಾಗಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದನ್ನು ನಿಮ್ಮ ವಕೀಲರು ಮಾಡಿಸುತ್ತಾರೆ.

ಆಮೇಲೆ ಬರಹ ತಿದ್ದಿ. ‘ಹಣ ತಿಂದಿದ್ದಾರೆ’ ಎಂಬುದಕ್ಕೆ ನಿಮ್ಮ ಬಳಿ ಪುರಾವೆ ಇದೆಯೇ? ತಿಂದದ್ದನ್ನು ನೀವು ನೋಡಿಲ್ಲ. ನೋಡಿದ್ದು ರಸ್ತೆಯನ್ನು. ಮಾಹಿತಿ ಹಕ್ಕಿನಲ್ಲಿ ಅಳತೆ ಪುಸ್ತಕದ (ಕಾಮಗಾರಿಯ ಅಳತೆ ಬರೆದಿಡುವ ಸರ್ಕಾರಿ ಪುಸ್ತಕ) ಪ್ರತಿ ಕೇಳಿ. ಹತ್ತು ರೂಪಾಯಿ ಅರ್ಜಿ, ಮೂವತ್ತು ದಿನ. ಆ ಕಾಯ್ದೆಯಲ್ಲಿ ಕಾಮಗಾರಿಯನ್ನೇ ಪರಿಶೀಲಿಸುವ, ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯುವ ಹಕ್ಕೂ ಇದೆ, ಯಾರೂ ಬಳಸುವುದಿಲ್ಲ. ಆಗ ಹೀಗೆ ಬರೆಯಬಹುದು: ‘ಅಳತೆ ಪುಸ್ತಕದಲ್ಲಿ 15 ಸೆಂ.ಮೀ. ದಪ್ಪ ಎಂದಿದೆ. ಒಡೆದ ಅಂಚಿನಲ್ಲಿ ನಾವು ಮೂರು ಕಡೆ ಟೇಪು ಹಿಡಿದಾಗ 9 ಸೆಂ.ಮೀ. ಬಂತು. ಬಿಲ್ಲಿಗೆ ಸಹಿ ಮಾಡಿದವರು ಉತ್ತರ ಕೊಡಲಿ.’ ಇಲ್ಲಿ ಬೈಗುಳವಿಲ್ಲ, ಆದರೆ ಗುತ್ತಿಗೆದಾರ ಉತ್ತರಿಸಬೇಕಾಗಿರುವುದು ಈ ಸಾಲುಗಳಿಗೆ.

ಇಂಜಿನಿಯರ್ ವಿಷಯದಲ್ಲಿ ನಿಮ್ಮ ನೆಲ ಹೆಚ್ಚು ಗಟ್ಟಿ. ಸರ್ಕಾರಿ ನೌಕರರ ಕರ್ತವ್ಯದ ಬಗ್ಗೆ ಬರೆದದ್ದಕ್ಕೆ, ಸುಳ್ಳೆಂದು ಗೊತ್ತಿದ್ದೂ ಅಥವಾ ನಿಜಾಂಶದ ಗೊಡವೆಯೇ ಇಲ್ಲದೆ ಬರೆದಿದ್ದರೆ ಮಾತ್ರ ಪರಿಹಾರ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 1994ರ ರಾಜಗೋಪಾಲ್ ತೀರ್ಪಿನಲ್ಲಿ ಹೇಳಿದೆ. ಸರ್ಕಾರವಾಗಲಿ ಪಂಚಾಯ್ತಿಯಾಗಲಿ ಮಾನನಷ್ಟ ಪರಿಹಾರಕ್ಕೆ ದಾವೆ ಹೂಡುವಂತಿಲ್ಲ ಎಂಬುದೂ ಅದರಲ್ಲೇ ಇದೆ. ಗುತ್ತಿಗೆದಾರ ಖಾಸಗಿ ವ್ಯಕ್ತಿ, ಅವರಿಗೆ ಈ ಕಟ್ಟು ಅನ್ವಯಿಸುವುದಿಲ್ಲ. ಅವರ ಬಗ್ಗೆ ಒಂದೊಂದು ಪದವನ್ನೂ ತೂಗಿ ಬರೆಯಿರಿ. ನೋಟಿಸಿಗೆ ವಕೀಲರ ಮೂಲಕವೇ ಉತ್ತರಿಸಿ. ಗುತ್ತಿಗೆದಾರರಿಗೆ ಫೋನ್ ಮಾಡಿ ಜಗಳವಾಡಬೇಡಿ.

ಪ್ರಶ್ನೆ: ನಿನ್ನ ಮೇಲೆ 66ಎ ಹಾಕಿಸುತ್ತೇವೆ ಎನ್ನುತ್ತಿದ್ದಾರೆ. – ಭಟ್ಕಳ

ಅದು ಆನ್‌ಲೈನ್ ಬರಹಗಳಿಗೆ ಶಿಕ್ಷೆ ಹೇಳುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಮು. ಸುಪ್ರೀಂ ಕೋರ್ಟ್ ಅದನ್ನು 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ತೀರ್ಪಿನ ಪ್ರತಿ ಜೊತೆಗಿಟ್ಟುಕೊಳ್ಳಿ.

ಪ್ರಶ್ನೆ: ಫೇಸ್‌ಬುಕ್ ನನ್ನ ಪೋಸ್ಟ್ ತೆಗೆದಿದೆ. 19ನೇ ವಿಧಿಯಡಿ ಕೇಸು ಹಾಕಬಹುದೇ? – ದಾಂಡೇಲಿ

ಅದು ಖಾಸಗಿ ಕಂಪನಿ. ವಾಕ್ ಸ್ವಾತಂತ್ರ್ಯಕ್ಕೆ ಸಂವಿಧಾನದ ಆ ವಿಧಿ ಕೊಡುವ ರಕ್ಷಣೆ ಮುಖ್ಯವಾಗಿ ಸರ್ಕಾರದ ವಿರುದ್ಧ.

ಪ್ರಶ್ನೆ: ನಮ್ಮೂರ ಅತ್ಯಾಚಾರ ಪ್ರಕರಣದ ಬಗ್ಗೆ ಬರೆಯುವಾಗ ಹುಡುಗಿಯ ಹೆಸರು ಬಿಟ್ಟು ಮನೆ, ಶಾಲೆ ಹೇಳಬಹುದೇ? – ಮುಂಡಗೋಡ

ಕೂಡದು. ಗುರುತು ಸಿಗುವ ಏನನ್ನೂ ಬರೆಯಬೇಡಿ. ಅದು ಅಪರಾಧ, ಇಂಥ ಕೇಸು ನಾನು ವಾದಿಸುವುದೂ ಇಲ್ಲ.

ಪ್ರಶ್ನೆ: ಅರಗಾ ನೌಕಾನೆಲೆಯ ಮೇಲಿಂದ ಡ್ರೋನ್ ಹಾರಿಸಿ ತೆಗೆದ ವಿಡಿಯೊ ಹಾಕಬಹುದೇ? ಸಮುದ್ರ ಎಲ್ಲರದ್ದಲ್ಲವೇ? – ಕಾರವಾರ

ನೌಕಾನೆಲೆ ಎಲ್ಲರದ್ದಲ್ಲ. 1923ರ ಅಧಿಕೃತ ರಹಸ್ಯ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಪ್ರಕಟಿಸಬೇಡಿ, ಯಾರಿಗೂ ಕಳಿಸಬೇಡಿ, ಈ ವಾರವೇ ವಕೀಲರನ್ನು ಕಾಣಿ.