ಕಾಮೆಟ್ ಒಡೆದದ್ದು ಕಿಟಕಿಯಿಂದಲೇ?

ಪ್ರಶ್ನೆ: ಜಗತ್ತಿನ ಮೊದಲ ಪ್ರಯಾಣಿಕ ಜೆಟ್ ವಿಮಾನ ಕಾಮೆಟ್, ಕಿಟಕಿಗಳು ಚೌಕವಾಗಿದ್ದುದರಿಂದ ಆಕಾಶದಲ್ಲೇ ಒಡೆಯಿತು ಎಂದು ಓದಿದ್ದೇನೆ. ಸೇವೆಗೆ ಬಿಡುವ ಮೊದಲು ಅದನ್ನು ಸರಿಯಾಗಿ ಪರೀಕ್ಷಿಸಿರಲಿಲ್ಲವೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಪರೀಕ್ಷಿಸಿದ್ದರು, ಅಂದಿನ ನಿಯಮ ಕೇಳಿದ್ದಕ್ಕಿಂತ ಹೆಚ್ಚಾಗಿಯೇ. ಆ ಪರೀಕ್ಷೆಯೇ ಅವರ ಕಣ್ಣಿಗೆ ಮಣ್ಣೆರಚಿತು ಎಂಬುದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಬ್ರಿಟನ್ನಿನ ಡಿ ಹ್ಯಾವಿಲ್ಯಾಂಡ್ ಕಂಪನಿಯ ಕಾಮೆಟ್ ಮೊದಲು ಹಾರಿದ್ದು 1949ರ ಜುಲೈ 27ರಂದು. 1952ರ ಮೇ 2ರಂದು ಲಂಡನ್‌ನಿಂದ ಜೋಹಾನ್ಸ್‌ಬರ್ಗ್‌ಗೆ ಪ್ರಯಾಣಿಕ ಸೇವೆ ಆರಂಭವಾಯಿತು. ಸುಮಾರು 40,000 ಅಡಿ ಎತ್ತರದಲ್ಲಿ ಹೊರಗಿನ ಗಾಳಿ ತೀರ ತೆಳು. ಹಾಗಾಗಿ ಒಳಗಿನ ಗಾಳಿ ವಿಮಾನದ ಒಡಲಿನ ಪ್ರತಿ ಚದರ ಮೀಟರ್ ತಗಡನ್ನು ಸುಮಾರು 5.8 ಟನ್ ಬಲದಿಂದ ಹೊರಕ್ಕೆ ತಳ್ಳುತ್ತಿತ್ತು. ಪ್ರತಿ ಹಾರಾಟದಲ್ಲೂ ಒಡಲು ಒಮ್ಮೆ ಬಿಗಿದು ಒಮ್ಮೆ ಸಡಿಲುತ್ತಿತ್ತು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಕಡೆಗೊಮ್ಮೆ ತುಂಡಾಗುತ್ತದಲ್ಲ, ಲೋಹ ದಣಿಯುವುದೆಂದರೆ ಅದೇ.

1954ರ ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಬಳಿ ಒಂದು ಕಾಮೆಟ್ ಒಡೆದು 35 ಮಂದಿ ಸತ್ತರು. ಏಪ್ರಿಲ್ 8ರಂದು ನೇಪಲ್ಸ್ ಸಮೀಪ ಇನ್ನೊಂದು ಬಿದ್ದು 21 ಮಂದಿ ಸತ್ತರು. (1953ರಲ್ಲಿ ಕೋಲ್ಕತ್ತದ ಬಳಿ ಬಿದ್ದದ್ದರ ಕಥೆ ಬೇರೆ, ಅದು ಗುಡುಗು ಮಳೆಯ ಬಿರುಗಾಳಿಗೆ ಸಿಕ್ಕಿತ್ತು.)

ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ಸರ್ಕಾರಿ ವಿಮಾನ ಸಂಶೋಧನಾ ಕೇಂದ್ರದ ತಜ್ಞರು ಮತ್ತೊಂದು ಕಾಮೆಟ್‌ನ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗೂ ನೀರು ತುಂಬಿ, ಒತ್ತಡವನ್ನು ಏರಿಸುತ್ತ ಇಳಿಸುತ್ತ ಹೋದರು. ಗಾಳಿ ತುಂಬಿದ್ದರೆ ಒಡೆದ ಕ್ಷಣದಲ್ಲೇ ಸಾಕ್ಷ್ಯವೆಲ್ಲ ಚೂರಾಗುತ್ತಿತ್ತು; ನೀರಿನಲ್ಲಾದರೆ ಬಿರುಕು ಇದ್ದಲ್ಲೇ ಉಳಿಯುತ್ತದೆ. ನಿಜವಾದ ಹಾರಾಟಗಳೂ ಸೇರಿ 3,057ನೇ ಸುತ್ತಿಗೆ ಒಡಲು ಬಿರಿಯಿತು. ತುರ್ತು ನಿರ್ಗಮನದ ಕಿಟಕಿಯ ಮೂಲೆಯಲ್ಲಿದ್ದ ಬೋಲ್ಟ್ ರಂಧ್ರದ ಅಂಚಿನಲ್ಲಿ ಬಿರುಕು ಹುಟ್ಟಿತ್ತು. ಎಲ್ಬಾ ಬಳಿ ಬಿದ್ದ ವಿಮಾನದಲ್ಲಿ ಒಡಕು ಶುರುವಾದದ್ದು ಚಾವಣಿಯಲ್ಲಿ, ರೇಡಿಯೊ ಆಂಟೆನಾಗೆಂದು ಕೊರೆದ ಕಿಂಡಿಯ ಮೂಲೆಯಲ್ಲಿ. ಅಂದರೆ ಪ್ರಯಾಣಿಕರು ಹೊರಗೆ ನೋಡುವ ಕಿಟಕಿಯಲ್ಲಲ್ಲ. ಆ ಕಿಟಕಿಗಳ ಮೂಲೆಗಳೂ ದುಂಡಾಗಿಯೇ ಇದ್ದವು, ಸಾಕಷ್ಟು ದುಂಡಾಗಿರಲಿಲ್ಲ ಅಷ್ಟೇ.

ಇನ್ನು ಪರೀಕ್ಷೆಯ ವಿಚಾರ. ಸೇವೆ ಆರಂಭವಾದ ಮೇಲೆ, 1953ರಲ್ಲಿ, ಕಂಪನಿ ಪರೀಕ್ಷಿಸಿದ ಒಡಲಿನ ತುಣುಕು ಸುಮಾರು 18,000 ಸುತ್ತು ತಾಳಿತ್ತು. ಆದರೆ ಅದೇ ತುಣುಕನ್ನು ಅದಕ್ಕೂ ಮೊದಲು ಬಲಪರೀಕ್ಷೆಗಾಗಿ ಎರಡು ಪಟ್ಟು ಒತ್ತಡಕ್ಕೆ ಒಡ್ಡಿದ್ದರು. ಆಗ ಮೂಲೆಗಳಲ್ಲಿ ತಗಡು ತುಸು ಹಿಗ್ಗಿ ಹಾಗೆಯೇ ಉಳಿದುಬಿಟ್ಟಿತು. ಒತ್ತಡ ಇಳಿದ ಮೇಲೆ ಸುತ್ತಲ ಲೋಹ ಆ ಜಾಗವನ್ನು ಅದುಮಿ ಹಿಡಿಯಿತು. ಹಾಗೆ ಅದುಮಿದ ಲೋಹದಲ್ಲಿ ಬಿರುಕು ಸುಲಭಕ್ಕೆ ಹುಟ್ಟುವುದಿಲ್ಲ. ಜನರನ್ನು ಹೊತ್ತ ವಿಮಾನಗಳಿಗೆ ಅಷ್ಟು ಒತ್ತಡ ಕೊಟ್ಟೇ ಇರಲಿಲ್ಲ. ಎಲ್ಬಾದ ವಿಮಾನ ಸುಮಾರು 1,290 ಹಾರಾಟಕ್ಕೇ ಮುಗಿಯಿತು. ಆದ್ದರಿಂದ ಬಲಪರೀಕ್ಷೆಗೆ ಬಳಸಿದ ಒಡಲನ್ನೇ ಆಯುಷ್ಯದ ಪರೀಕ್ಷೆಗೂ ಬಳಸಬಾರದು. ನಿಮ್ಮ ಓದಿನಲ್ಲಿ ಇದನ್ನು ಗಟ್ಟಿಯಾಗಿ ನೆನಪಿಡಿ.

ದಪ್ಪ ತಗಡಿನ ಕಾಮೆಟ್ 4, 1958ರ ಅಕ್ಟೋಬರ್ 4ರಂದು ಅಟ್ಲಾಂಟಿಕ್ ದಾಟುವ ಸೇವೆ ಆರಂಭಿಸಿತು. ಮೂರೇ ವಾರಕ್ಕೆ ಅದಕ್ಕಿಂತ ದೊಡ್ಡದಾದ ಬೋಯಿಂಗ್ 707 ಅದೇ ಸಾಗರದ ಮೇಲೆ ಹಾರತೊಡಗಿತು.